ನಮ್ಮ ಮನೆಯ ಸಿಂಹಮುಖದ ಕತ್ತಿಗಳು

ನಾನು ಹುಟ್ಟಿದ ಹೊಸದರಲ್ಲಿ ಅಮ್ಮ ಅಪ್ಪನನ್ನು ತೊಟ್ಟಿಲು ತರಲು ಕಳಿಸಿದ್ದಳಂತೆ. ಚಿನ್ನದ ಗಣಿಯ ಊರಾದ ಉರಿಗಾಂನ ಬಂಗಲೆಯೊಂದರಲ್ಲಿದ್ದ ಆಂಗ್ಲೋ ಇಂಡಿಯನ್ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಹರಾಜು ಹಾಕುತ್ತಿದ್ದರು. ಅದರಲ್ಲಿ ಬೆತ್ತದ ತೊಟ್ಟಿಲೊಂದಿದೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಸಂಜೆ ಅಪ್ಪ ಸೈಕಲ್ ತಳ್ಳಿಕೊಂಡು ಬಂದಾಗ ಕ್ಯಾರಿಯರ್ ಮೇಲೆ ತೊಟ್ಟಿಲಿರಲಿಲ್ಲ. ಹಳೆಯ ಪರದೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೊಂದು ವಸ್ತು ಇತ್ತು. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪ ಆ ಸುತ್ತನ್ನು ಬಿಚ್ಚಿದ. ಒಳಗಿದ್ದದ್ದು ಕತ್ತಿ. ಹಿಡಿಯ ತುದಿಯಲ್ಲಿ ಕೇಸರ ಹರಡಿಕೊಂಡ ಸಿಂಹದ ಮುಖ, ಕೈಗೆ ಕಾಪಾಗಿ ಬಾಗಿದ ಹಿತ್ತಾಳೆಯ ಮೇಲೆ ಕಿರೀಟ, ಕಿರೀಟದ ಕೆಳಗೆ ಹಗ್ಗ ಸುತ್ತಿಕೊಂಡ ಲಂಗರು. ಅಜ್ಜಿ, ಎಂದರೆ ಅಪ್ಪನ ತಾಯಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳಂತೆ.

"ಏನ್ಲಾ ವೆಂಕಟ, ತೊಟ್ಲು ತತ್ತೀನಿ ಅಂತ ಓಗಿ ಕತ್ತಿ ತಂದಿದ್ದೀಯಲ್ಲೋ! ಮಗೀನ ಇದರ ಮ್ಯಾಲೆ ಮಲಗಿಸ್ಬೇಕೇನ್ಲಾ?"

ಅಮ್ಮ ಏನೂ ಹೇಳಲಿಲ್ಲವಂತೆ. ತನ್ನ ಹಳೆಯ ಸೀರೆಯೊಂದನ್ನು ತೊಲೆಗೆ ಕಟ್ಟಿ ಜೋಲಿ ಮಾಡಿ ನನ್ನನ್ನು ಅದರಲ್ಲಿ ಮಲಗಿಸಿದಳು. ಆದರೆ ಈ ಕತೆಯನ್ನು ಮಾತ್ರ ಜೀವನವಿಡೀ ಹೇಳಿದಳು. ನೆಂಟರಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಹೇಳಿದಳು. ಹೇಳುವಾಗ ಮೊದಮೊದಲು ಅವಳ ದನಿಯಲ್ಲಿ ಸಿಟ್ಟಿರುತ್ತಿತ್ತು. ಆಮೇಲೆ ಅದು ಎಲ್ಲಿ ಹೋಯಿತು ಎಂಬುದನ್ನೇ ನಾನಿಲ್ಲಿ ಹೇಳಬೇಕೆಂದಿದ್ದೇನೆ.

ಉರಿಗಾಂನ ನಮ್ಮ ಮನೆ ಗಣಿಯವರು ಕಟ್ಟಿಕೊಟ್ಟ ಲೈನ್ ಮನೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅದಕ್ಕೆ ಆತುಕೊಂಡಂತೆ ಅಡುಗೆಮನೆ, ಮೇಲೆ ತಗಡು. ಆ ಸಾಲಿನಲ್ಲಿ ಕನ್ನಡದ ಮನೆ ನಮ್ಮದೊಂದೇ. ಎಡಗಡೆಯವರೊಡನೆ ತಮಿಳು, ಬಲಗಡೆಯವರೊಡನೆ ತೆಲುಗು, ಒಲೆಯ ಮುಂದೆ ಕನ್ನಡ. ಯಾವ ಮಾತು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ಶಾಲೆಗೆ ಹೋಗುವ ತನಕ ನನಗೆ ಗೊತ್ತಾಗಿರಲಿಲ್ಲ. ಬೇಸಿಗೆಯಲ್ಲಿ ಗಾಳಿ ಎದ್ದರೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಬೂದುಬಣ್ಣದ ಧೂಳು ಬಂದು ಮುದ್ದೆಯ ತಟ್ಟೆಯ ಮೇಲೂ ಕೂರುತ್ತಿತ್ತು. ಅಪ್ಪ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ಅಂಗಿಯಿಂದ ಗ್ರೀಸಿನ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆ ಮೊದಲ ಕತ್ತಿ ಮುಂದಿನ ಕೋಣೆಯ ಗೋಡೆ ಏರಿದ ಮೇಲೆ ಒಂದೊಂದಾಗಿ ಉಳಿದವು ಬಂದವು. ಒಂದನ್ನು ಬಂಗಾರಪೇಟೆ ಸ್ಟೇಷನ್ ಹಿಂದಿನ ಗುಜರಿ ಅಂಗಡಿಯಲ್ಲಿ ಮುರಿದ ಕಿಟಕಿ ಸರಳುಗಳ ನಡುವಿನಿಂದ ಎಳೆದು ತಂದ. ಇನ್ನೊಂದು ಪಕ್ಕದ ಗಣಿಯಾದ ಚಾಂಪಿಯನ್ ರೀಫ್ಸಿನ ಹಳೆಯ ಬಂಗಲೆಯ ತೋಟದಲ್ಲಿ ಟೊಮೆಟೊ ಗಿಡಕ್ಕೆ ಊರುಗೋಲಾಗಿ ನಿಂತಿತ್ತು. ಮತ್ತೊಂದರಿಂದ ಯಾವುದೋ ಮನೆಯ ಅಡುಗೆಯಾತ ಒಲೆಯ ಕೆಂಡ ಕೆದಕುತ್ತಿದ್ದ. ಗಣಿ ಕೆಲಸಕ್ಕೆಂದು ಒಂದು ಕಾಲದಲ್ಲಿ ಇಲ್ಲಿಗೆ ಬಂದ ಇಂಗ್ಲಿಷರು ತಮ್ಮ ಅಪ್ಪ, ತಾತಂದಿರ ಕತ್ತಿಗಳನ್ನೂ ಜತೆಗೆ ತಂದಿದ್ದರು. ವಿಕ್ಟೋರಿಯಾ ರಾಣಿಯ ಹಡಗುಪಡೆಯಲ್ಲಿ ಅಧಿಕಾರಿಗಳಾಗಿದ್ದವರು ಸೊಂಟಕ್ಕೆ ಕಟ್ಟಿದ್ದ ಕತ್ತಿಗಳು ಅವು. ಮನುಷ್ಯರು ಹೊರಟುಹೋದ ಮೇಲೆ ಕತ್ತಿಗಳು ಸಿಕ್ಕಸಿಕ್ಕ ಕಡೆ ಉಳಿದುಕೊಂಡವು.

ನೆಲದಡಿ ಎಲ್ಲಾದರೂ ಬಂಡೆ ಸಿಡಿದರೆ ನಮ್ಮ ಸಾಲಿನ ಮನೆಗಳೆಲ್ಲ ಒಮ್ಮೆ ಮೈ ಜಾಡಿಸುತ್ತಿದ್ದವು. ಬೇರೆಯವರ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತಿದ್ದರೆ ನಮ್ಮಲ್ಲಿ ಮೊದಲು ಕತ್ತಿಗಳು. ಒರೆಯೊಳಗಿನ ಅಲಗುಗಳು ಸಣ್ಣದಾಗಿ ಗುಂಯ್‌ಗುಟ್ಟುತ್ತಿದ್ದವು, ಯಾರೋ ಕಂಚಿನ ಬಟ್ಟಲಿಗೆ ಉಗುರು ತಾಗಿಸಿದ ಹಾಗೆ. ಹೆಂಗಸರು ಮಾಡುತ್ತಿದ್ದ ಕೆಲಸ ಬಿಟ್ಟು ಗಣಿಬಾಯಿಯ ಕಡೆ ಓಡುತ್ತಿದ್ದರು. ಅಪ್ಪನ ಕೆಲಸ ನೆಲದ ಮೇಲೆಯೇ ಇದ್ದರೂ ಅಮ್ಮ ಓಡುತ್ತಿದ್ದಳು; ಪಕ್ಕದ ಮನೆಯ ಶೆಲ್ವಿಯ ಕೈ ಹಿಡಿದುಕೊಂಡು ನಿಲ್ಲಲು ಒಬ್ಬರು ಬೇಕಿತ್ತು. ಶೆಲ್ವಿಯ ಗಂಡ ಆಳುಗಳನ್ನು ಗಣಿಯಿಂದ ಎತ್ತುವ ಪಂಜರದಲ್ಲಿ ನಿಂತು ಮೇಲೆ ಬಂದು ಟೋಪಿ ತೆಗೆದು ಕೈಬೀಸುವ ತನಕ ಇಬ್ಬರೂ ಹಿಡಿದ ಕೈ ಬಿಡುತ್ತಿರಲಿಲ್ಲ. ಆಮೇಲೆ ಅಮ್ಮ ಮನೆಗೆ ಬಂದು, ಇನ್ನೂ ನಡುಗುತ್ತಿರುವ ಕತ್ತಿಗಳನ್ನು ನೋಡಿ, ಈ ಮನೆಯಲ್ಲಿ ಮನುಷ್ಯರ ಎದೆ ಬಡಿತವೇ ಸಾಲದೆಂದು ಇವೂ ಬೇರೆ ಎಂದು ಗೊಣಗುತ್ತಿದ್ದಳು.

ಜಗಳಗಳು ಇದ್ದೇ ಇದ್ದವು. ಕಬ್ಬಿಣ ಮನೆಯಲ್ಲಿ ಹೆಚ್ಚಾದರೆ ಮಾತು ಹರಿತವಾಗುತ್ತದೆ ಎಂದು ಅಜ್ಜಿಯ ನಂಬಿಕೆ. ಭಾನುವಾರ ಅಪ್ಪ ಚಾಪೆ ಹಾಸಿ ಕತ್ತಿಗಳನ್ನೆಲ್ಲ ಮಲಗಿಸಿ, ಹೊಲಿಗೆ ಮಿಶನ್ನಿನ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಲಗು ಒರೆಸುತ್ತಿದ್ದ. ಅಲಗಿನ ಮೇಲೆ ಎಲೆಬಳ್ಳಿ, ಲಂಗರು, ರಾಣಿಯ ಹೆಸರಿನ ಹೆಣೆದುಕೊಂಡ ಅಕ್ಷರಗಳು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು ನಯವಾದ ಕೆತ್ತನೆ. ಹಿಡಿಗೆ ಸುತ್ತಿದ ಬಿಳಿಯ ಚರ್ಮ ದಪ್ಪ ರವೆ ಮೆತ್ತಿದಂತೆ ತರಿತರಿಯಾಗಿರುತ್ತಿತ್ತು. ಸಮುದ್ರದ ದೊಡ್ಡ ಮೀನಿನ ಚರ್ಮವಂತೆ. ಕೈ ಒದ್ದೆಯಾದರೂ ಜಾರಬಾರದೆಂದು ಹಾಕುತ್ತಿದ್ದದ್ದು. ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಕೆಲಸಕ್ಕೆ ಹೋಗಿದ್ದಾಗ ಅಜ್ಜಿ ಒಂದು ಉಪಕಾರ ಮಾಡಿದಳು. ಹಬ್ಬಕ್ಕೆ ಹಿತ್ತಾಳೆ ಬಿಂದಿಗೆ, ದೀಪದ ಕಂಬಗಳನ್ನು ಬೆಳಗಲು ಕೂತವಳು ಕೊಟ್ಟಿಗೆಯಂಥ ಹಿತ್ತಲಿಗೆ ಮೊದಲ ಕತ್ತಿಯನ್ನೂ ತರಿಸಿಕೊಂಡು, ಹುಣಸೆಹಣ್ಣು ಬೂದಿ ಹಾಕಿ ತೆಂಗಿನ ನಾರಿನಿಂದ ಅದರ ಹಿಡಿಯನ್ನು ಚೆನ್ನಾಗಿ ತಿಕ್ಕಿದಳು. ಸಿಂಹ ಹೊಸ ಚೊಂಬಿನಂತೆ ಫಳಫಳ ಹೊಳೆಯಿತು. ನಾನೂ ಚಪ್ಪಾಳೆ ತಟ್ಟಿದೆ. ಅಪ್ಪ ಬಂದು ನೋಡಿ ಬಾಗಿಲ ಹೊಸ್ತಿಲ ಮೇಲೆಯೇ ಕುಸಿದು ಕೂತ. ಹಿತ್ತಾಳೆಯ ಮೇಲೆ ನೂರು ವರ್ಷದಿಂದ ಉಳಿದುಕೊಂಡಿದ್ದ ತೆಳ್ಳನೆಯ ಚಿನ್ನದ ಲೇಪ ಬೂದಿಯ ಜತೆ ಬಚ್ಚಲಿಗೆ ಹರಿದುಹೋಗಿತ್ತು.

"ಯಾಕ್ಲಾ ಅಂಗೆ ಕೂತ್ಕೊಂಡೆ? ಚೆಂದಾಗಿ ಬೆಳಗಿಲ್ವೇನ್ಲಾ ನಾನು?"

"ಚೆಂದಾಗಿ ಬೆಳಗಿದ್ದೀಯ ಕಣವ್ವ."

ಅಷ್ಟೇ ಅಂದ. ಅಜ್ಜಿ ಸಾಯುವ ತನಕ ಅವಳಿಗೆ ಆ ಚಿನ್ನದ ವಿಷಯ ಅವನು ಹೇಳಲೇ ಇಲ್ಲ. ಮರುದಿನ ಅರಿಸಿನ ಕುಂಕುಮ ಇಡಲು ಅಜ್ಜಿ ಬಂದಾಗ ಮಾತ್ರ, ಅಲಗಿಗೆ ಬೇಡ, ಒರೆಗೆ ಇಡು ಎಂದು ಕೇಳಿಕೊಂಡ. ಕುಡುಗೋಲು, ಮಚ್ಚು, ಅಪ್ಪನ ಸ್ಪ್ಯಾನರುಗಳು, ರಾಣಿಯ ಕತ್ತಿಗಳು ಎಲ್ಲ ಒಂದೇ ಮಣೆಯ ಮೇಲೆ ಕೂತು ಚೆಂಡುಹೂವು ಮುಡಿದುಕೊಂಡವು. ಪೂಜೆಯ ಮಣೆಯ ಮೇಲೆ ಮೀನಿನ ಚರ್ಮವಿದೆಯೆಂದು ಅಜ್ಜಿಗೆ ಗೊತ್ತಾಗದಂತೆ ಅಮ್ಮ ಅದರ ಮೇಲೊಂದು ಹೂವು ಜಾಸ್ತಿಯೇ ಮುಚ್ಚಿದಳು.

ಕತ್ತಿಗಳ ಬಗ್ಗೆ ಅಪ್ಪನಿಗೆ ಎಲ್ಲವನ್ನೂ ಹೇಳಿಕೊಟ್ಟವರು ದೊರಸಾನಮ್ಮ. ಆಂಗ್ಲೋ ಇಂಡಿಯನ್ ಹೆಂಗಸು, ಅವರ ಹೆಸರು ಬೇರೆಯೇ ಇತ್ತು. ಸುತ್ತಲಿನ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಕ್ಲಬ್ಬಿನ ಹಿಂದಿನ ಇಳಿಜಾರಿನಲ್ಲಿ ಅವರೊಬ್ಬರೇ ಇದ್ದ ಹೆಂಚಿನ ಬಂಗಲೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಡಹುಟ್ಟಿದವರೆಲ್ಲ ಸಮುದ್ರ ದಾಟಿ ಹೋದರೂ ಇವರು ಹೋಗಲಿಲ್ಲ. ಒಮ್ಮೆ ಅವರ ಮನೆಯ ನೀರಿನ ಪಂಪು ಕೆಟ್ಟು ಅಪ್ಪ ರಿಪೇರಿಗೆ ಹೋಗಿದ್ದ. ಒಳಗೆ ಬೆಂಕಿಗೂಡಿನ ಮೇಲೆ ಅದನ್ನು ಕಂಡ. ತನ್ನ ಮನೆಯಲ್ಲಿದ್ದ ಅದೇ ಸಿಂಹ, ಅದೇ ಲಂಗರು. ಆದರೆ ಇದರಲ್ಲಿ ಯಾವುದೂ ಕುಂದಿರಲಿಲ್ಲ. ಅಪ್ಪನ ಕತ್ತಿಗಳಿಗೆ ಒಂದಲ್ಲ ಒಂದು ಊನ. ಒಂದಕ್ಕೆ ಒರೆಯಿಲ್ಲ, ಒಂದರ ತುದಿ ಮುರಿದಿದೆ, ಒಂದರ ಹಿಡಿಯ ಚರ್ಮವನ್ನು ಇಲಿ ತಿಂದಿದೆ. ದೊರಸಾನಮ್ಮನ ಕತ್ತಿಯ ಚಿನ್ನ ಚಿನ್ನವಾಗಿಯೇ ಇತ್ತು. ಕಪ್ಪು ಚರ್ಮದ ಒರೆ ಒಂದು ಕಡೆಯೂ ಬಿರಿದಿರಲಿಲ್ಲ. ಹಿಡಿಯಿಂದ ನೀಲಿ ಮತ್ತು ಚಿನ್ನದ ದಾರದ ಗೊಂಡೆ ತೂಗುತ್ತಿತ್ತು. ಅದು ಅವರ ತಾತನದು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಎಣ್ಣೆಯ ಡಬ್ಬಿ, ಬಟ್ಟೆ ತೆಗೆದುಕೊಂಡು, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅಲ್ಲಿಗೆ ಹೊರಡುತ್ತಿದ್ದ. ಕೊಂಡುಕೊಳ್ಳಲು ಅಲ್ಲ. ಅದನ್ನವರು ಕೊಡುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದರು. ಒರೆಸಲು ಹೋಗುತ್ತಿದ್ದ, ಅಷ್ಟೇ. ದೊರಸಾನಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರ ಮಾತಿನಲ್ಲಿ ಇಂಗ್ಲಿಷಿಗಿಂತ ತಮಿಳು ಹೆಚ್ಚು, ಅಪ್ಪನ ಮರ್ಯಾದೆಗೆ ಒಂದಿಷ್ಟು ಕನ್ನಡ.

"ವಾ ಕಣ್ಣು, ಉಕ್ಕಾರು," ಎಂದು ನನ್ನನ್ನು ಪಕ್ಕದ ಸಣ್ಣ ಮಣೆಯ ಮೇಲೆ ಕೂರಿಸಿ, ಬಿಸ್ಕತ್ತಿನ ಡಬ್ಬಿ ಮುಂದೆ ಇಡುತ್ತಿದ್ದರು.

ಆ ಮಧ್ಯಾಹ್ನಗಳಿಗಾಗಿ ಈಗಲೂ ನನ್ನ ಜೀವ ಎಳೆಯುತ್ತದೆ. ಕಿಟಕಿಯ ಬಣ್ಣದ ಗಾಜಿನಿಂದ ಬಿದ್ದ ಕೆಂಪು ಚೂರು ನಿಧಾನವಾಗಿ ನೆಲದ ಮೇಲೆ ಸರಿಯುತ್ತಿತ್ತು. ಅಪ್ಪ ಉಸಿರು ಬಿಗಿಹಿಡಿದು ಅಲಗನ್ನು ಒರೆಯಿಂದ ಎಳೆಯುತ್ತಿದ್ದ. ಯಾವ ಗೆರೆ ಯಾಕಿದೆ, ಹಿಡಿಯ ಪಕ್ಕದ ಸಣ್ಣ ಹಿತ್ತಾಳೆ ರೆಕ್ಕೆ ಯಾಕೆ ಮಡಚಿಕೊಳ್ಳುತ್ತದೆ, ಯಾವ ದರ್ಜೆಯವನಿಗೆ ಯಾವ ಬಗೆಯ ಒರೆ, ಎಲ್ಲವನ್ನೂ ಅವರು ತಮ್ಮ ತಂದೆಯಿಂದ ಕೇಳಿದ್ದನ್ನು ಅಪ್ಪನಿಗೆ ಹೇಳುತ್ತಿದ್ದರು. ನಮ್ಮಪ್ಪ ಎಂಥ ಮನುಷ್ಯನೆಂದರೆ ಮನೆಯಲ್ಲಿ ಉಪ್ಪಿದೆಯೋ ಇಲ್ಲವೋ ಅವನಿಗೆ ಗೊತ್ತಿರುತ್ತಿರಲಿಲ್ಲ. ಅಲ್ಲಿ ಮಾತ್ರ ಒಂದು ಅಕ್ಷರವನ್ನೂ ಬಿಡದೆ ಕೇಳುತ್ತಿದ್ದ. ಒಂದು ಕ್ರಿಸ್‌ಮಸ್ಸಿಗೆ ನಾವು ಅಜ್ಜಿಯ ನಿಪ್ಪಟ್ಟು ತೆಗೆದುಕೊಂಡು ಹೋಗಿದ್ದೆವು. ಮೇಜಿನ ಮೇಲೆ ಕಪ್ಪಗಿನ ಕೇಕು ಇತ್ತು. ತಮ್ಮ ಮದುವೆಯಲ್ಲಿ ಕೇಕು ಕತ್ತರಿಸಿದ್ದು ಇದೇ ಕತ್ತಿಯಿಂದ ಎಂದು ಹೇಳಿ ಅವರು ಎದ್ದು ನಿಂತರು. ಕತ್ತಿಯನ್ನು ನನ್ನ ಎರಡೂ ಕೈಗೆ ಕೊಟ್ಟು, ನನ್ನ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟರು. ಆ ಕೈಗಳ ಚರ್ಮ ಈರುಳ್ಳಿ ಸಿಪ್ಪೆಯಂತಿತ್ತು. ಕತ್ತಿ ನಾನಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಅಲಗು ಕೇಕಿನೊಳಗೆ ಇಳಿಯುವಾಗ ನಾನು ಅಪ್ಪನ ಮುಖ ನೋಡಿದೆ. ಅವನು ಕೇಕನ್ನು ನೋಡುತ್ತಿರಲಿಲ್ಲ, ಹಿಡಿಯ ಮೇಲಿದ್ದ ನಮ್ಮ ಕೈಗಳನ್ನೇ ನೋಡುತ್ತಿದ್ದ. ಆ ಮುಖದಲ್ಲಿದ್ದ ಆಸೆಗೆ ಹೆಸರಿಡಲು ನನಗೆ ಆಗ ಬರುತ್ತಿರಲಿಲ್ಲ. ತನಗೆ ಎಂದೂ ಸಿಗದ್ದನ್ನು ಮನುಷ್ಯ ಕಣ್ಣಿನಿಂದಲೇ ಎಷ್ಟು ಮೃದುವಾಗಿ ಮುಟ್ಟಬಲ್ಲ ಎಂಬುದನ್ನು ಮಾತ್ರ ಅಲ್ಲಿ ಕಂಡೆ. ಮುಂದೆ ನಾನು ಬಯಸಿದ ಎಷ್ಟೋ ಸಂಗತಿಗಳಲ್ಲಿ ಆ ಮುಖ ನನಗೆ ಅಡ್ಡ ಬಂದಿದೆ, ದಾರಿಯನ್ನೂ ತೋರಿಸಿದೆ.

ನಾನು ಏಳನೆಯ ತರಗತಿಯಲ್ಲಿದ್ದಾಗ ದೊರಸಾನಮ್ಮ ಹಾಸಿಗೆ ಹಿಡಿದರು. ಕುರ್ಚಿಯ ಬದಲು ಮಂಚದಿಂದ ನೋಡತೊಡಗಿದರು. ಒಂದು ಭಾನುವಾರ ಅಪ್ಪ ಕತ್ತಿ ಒರೆಸಿ ಮತ್ತೆ ಗೋಡೆಗೆ ಹಾಕಲು ಹೊರಟಾಗ ತಡೆದು, ತಮ್ಮ ಪಕ್ಕದಲ್ಲೇ ಹಾಸಿಗೆಯ ಮೇಲೆ ಇಡಿಸಿಕೊಂಡರು.

"ವೆಂಕಟ್, ನಾನು ಸತ್ರೆ ಈ ಕತ್ತಿ ನನ್ ಕೂಡ ಪೆಟ್ಟಿ ಒಳಗೆ ಬರ್ಬೇಕು. ನೀನೇ ಇಡ್ಬೇಕು. ಬೇರೆ ಯಾರೂ ಇಡಲ್ಲ. ಇದನ್ನ ಸ್ಪೂನ್, ಫೋರ್ಕ್ ಜತೆ ಮೇಜ್ ಮೇಲೆ ಹಾಕಿ ಹರಾಜ್ ಮಾಡ್ಬಾರ್ದು."

ಅಪ್ಪ ಎಣ್ಣೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಮೇಲಿಟ್ಟ.

"ಆಗ್ಲಿ ಅಮ್ಮ. ನಾನೇ ಇಡ್ತೀನಿ."

"ಪ್ರಾಮಿಸ್?"

"ಪ್ರಾಮಿಸ್ ಅಮ್ಮ."

ಅವರು ನನ್ನ ಕಡೆ ತಿರುಗಿ, ಶಾಂತಿ, ನೀನೂ ಕೇಳಿದ್ದೀಯಲ್ಲ ಎಂದು ನಕ್ಕರು. ವಾಪಸ್ ಬರುವಾಗ ಅಪ್ಪ ಸೈಕಲ್ ಹತ್ತಲಿಲ್ಲ. ಇಳಿಜಾರಿನುದ್ದಕ್ಕೂ ತಳ್ಳಿಕೊಂಡೇ ಬಂದ.

ಅವರು ತೀರಿಕೊಂಡದ್ದು ಮಾಗಿಯ ಚಳಿಯಲ್ಲಿ. ಬೆಂಗಳೂರಿನಿಂದ ಅವರ ಸೋದರಳಿಯ ಬಂದಿದ್ದ. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಮಾರನೆಯ ಬೆಳಗ್ಗೆ ಮಣ್ಣು ಎಂದು ಗೊತ್ತಾಗಿ ಅಪ್ಪ ಮಧ್ಯಾಹ್ನವೇ ಹೋದ. ಸೋದರತ್ತೆಯನ್ನು ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ಏನಾದರೂ ಕೊಡಬೇಕೆಂದು ಆತ ಮನೆಯೊಳಗೆ ಸುತ್ತ ಕಣ್ಣಾಡಿಸಿದನಂತೆ. ಬೆಂಕಿಗೂಡಿನ ಮೇಲಿನಿಂದ ಕತ್ತಿ ತೆಗೆದು ಅಪ್ಪನ ಕೈಗಿಟ್ಟ. ಇದನ್ನು ನೀನೇ ಅಲ್ಲವೇ ಕಾಪಾಡಿದ್ದು, ನೀನೇ ಇಟ್ಟುಕೋ ಎಂದ. ಅಪ್ಪ ಪೆಟ್ಟಿಗೆಯ ಮಾತು ಎತ್ತಲಿಲ್ಲ. ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಮನೆಗೆ ತಂದ.

ಸಂಜೆ ದೀಪ ಹಚ್ಚುವ ಹೊತ್ತು. ಮುಂದಿನ ಕೋಣೆಯ ಚಾಪೆಯ ಮೇಲೆ ಆ ಕತ್ತಿ ಮಲಗಿತ್ತು. ಗೋಡೆಯ ಮೇಲಿನ ಕುಂಟ, ಕಿವುಡ, ಮುರುಕು ಕತ್ತಿಗಳ ನಡುವೆ ಮದುವಣಗಿತ್ತಿಯಂತೆ ಕಾಣುತ್ತಿತ್ತು. ಅಜ್ಜಿ ಬಂದು ದೃಷ್ಟಿ ತೆಗೆದಳು. ಸಾಲಿನವರೆಲ್ಲ ಬಂದು ನೋಡಿ ಹೋದರು. ಅಪ್ಪ ಎಲ್ಲರಿಗೂ ಗೊಂಡೆ ತೋರಿಸಿದ, ಲಂಗರು ತೋರಿಸಿದ, ನಕ್ಕ. ಊಟಕ್ಕೆ ಕೂತಾಗ ಮಾತ್ರ ಮುದ್ದೆ ಮುರಿದವನು ಸಾರಿಗೆ ಅದ್ದದೆ ಹಾಗೇ ಕೂತುಬಿಟ್ಟ. ಅಮ್ಮ ಅದನ್ನು ಅಡುಗೆಮನೆಯಿಂದಲೇ ನೋಡಿದಳು. ನನ್ನನ್ನು ಒಳಗೆ ಕರೆದಳು.

"ನಿಮ್ಮಪ್ಪಂಗೆ ಏನಾಗೈತೆ? ಆಸೆಪಟ್ಟಿದ್ದು ಸಿಕ್ಕಿದ್ರೂ ತುತ್ತು ಗಂಟ್ಲಲ್ಲಿ ಇಳೀತಿಲ್ವಲ್ಲ?"

ನಾನು ಹೇಳಿದೆ. ಮಂಚ, ಪೆಟ್ಟಿಗೆ, ಪ್ರಾಮಿಸ್, ಎಲ್ಲವನ್ನೂ. ಅಮ್ಮ ಕೇಳಿ, ಒಲೆಯ ಸೌದೆಯನ್ನು ಹಿಂದಕ್ಕೆ ಎಳೆದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು. ಅಪ್ಪನ ಎದುರು ಕೂತಳು. ಇಷ್ಟು ವರ್ಷ ಕತ್ತಿಗಳ ಬಗ್ಗೆ ಅಪ್ಪನೊಡನೆ ಎಷ್ಟೋ ಸಲ ಕೂಗಾಡಿದ್ದವಳು ಆವತ್ತು ದನಿ ಏರಿಸಲೇ ಇಲ್ಲ.

"ಆಯಮ್ಮಂಗೆ ಮಾತು ಕೊಟ್ಟಿದ್ರಾ?"

ಅಪ್ಪ ನನ್ನ ಕಡೆ ನೋಡಿದ. ಮತ್ತೆ ತಟ್ಟೆಯ ಕಡೆ.

"ಕೊಟ್ಟಿದ್ದೆ."

"ಮತ್ತೆ?"

"ಮಣ್ಣೊಳಗೆ ಒಂದು ಮಳೆಗಾಲ ತಡೆಯಾಕಿಲ್ಲ ಕಣೆ ಅದು. ಚರ್ಮ ಕೊಳೆತೋಯ್ತದೆ. ಅಲಗು ತುಕ್ಕು ತಿಂದೋಯ್ತದೆ. ನೂರು ವರ್ಸ ಯಾರ್‍ಯಾರೋ ಕಾಪಾಡ್ಕೊಂಡು ಬಂದಿರೋದು. ನೋಡಿ ನೋಡಿ ಎಂಗೆ ಮಣ್ಣಿಗಾಕ್ಲಿ ರತ್ನ?"

"ಆಯಮ್ಮನ್ನೂ ಮಣ್ಣಿಗೇ ತಾನೆ ಇಡೋದು?"

ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಸದ್ದಿರಲಿಲ್ಲ. ಎಡಗೈ ಮಣಿಗಂಟಿನಿಂದ ಕಣ್ಣೊರೆಸಿಕೊಂಡ. ಬಲಗೈಯಲ್ಲಿ ಮುರಿದ ಮುದ್ದೆ ಹಾಗೇ ಇತ್ತು. ಅಜ್ಜಿ ಮೂಲೆಯಿಂದ, ಬಿಡೇ, ದೇವ್ರೇ ಕೊಟ್ಟಿರೋದನ್ನ ಯಾಕೆ ಬೇಡ ಅಂತೀಯ ಎಂದಳು. ಅಮ್ಮ ಅತ್ತೆಗೆ ತಿರುಗಿ ಮಾತಾಡುವವಳಲ್ಲ. ಅಪ್ಪನ ತಟ್ಟೆಗೆ ಬಿಸಿ ಸಾರು ಬಡಿಸಿ, ಉಣ್ಣಿ ಎಂದಳು. ಅವನು ಉಂಡ.

ಬೆಳಗ್ಗೆ ಅಪ್ಪ ಸ್ನಾನ ಮಾಡಿ, ಚಾಪೆಯ ಮೇಲೆ ಕೂತು, ಆ ಕತ್ತಿಯನ್ನು ಕೊನೆಯ ಸಲ ಒರೆಸಿದ. ಯಾವ ಭಾನುವಾರವೂ ಅಷ್ಟು ನಿಧಾನ ಮಾಡಿರಲಿಲ್ಲ. ಅಮ್ಮ ತಾನೂ ಬರುತ್ತೇನೆ ಎಂದು ರೇಷ್ಮೆ ಸೀರೆ ಉಟ್ಟು ಹೊರಟಳು. ಸಾವಿನ ಮನೆಗೆ ರೇಷ್ಮೆಯೇ ಎಂದು ಅಜ್ಜಿ ಗದರಿದರೂ ಕೇಳಲಿಲ್ಲ. ಚರ್ಚಿನೊಳಗೆ ಹೋಗಬಹುದೋ ಬಾರದೋ ಗೊತ್ತಾಗದೆ ನಾನೂ ಅಮ್ಮನೂ ಬಾಗಿಲ ಪಕ್ಕದಲ್ಲಿ ನಿಂತುಕೊಂಡೆವು. ಅಪ್ಪ ಚಪ್ಪಲಿ ಬಿಟ್ಟು, ಎರಡೂ ಕೈ ಮೇಲೆ ಕತ್ತಿ ಇಟ್ಟುಕೊಂಡು ಪೆಟ್ಟಿಗೆಯ ಹತ್ತಿರ ನಡೆದ. ಸೋದರಳಿಯನ ಕಿವಿಯಲ್ಲಿ ಏನೋ ಹೇಳಿದ. ಆತ ಮೊದಲು ಅಚ್ಚರಿಯಿಂದ ಅಪ್ಪನನ್ನು ನೋಡಿದ, ಆಮೇಲೆ ಪಾದ್ರಿಯನ್ನು. ಪಾದ್ರಿಗೆ ಇಷ್ಟವಾದಂತೆ ಕಾಣಲಿಲ್ಲ. ದೇವರ ಮನೆಯಲ್ಲಿ ಕತ್ತಿಯೇ ಎಂಬಂತೆ ತಲೆಯಾಡಿಸಿದರು. ಅಪ್ಪ ಅಲ್ಲಿಂದ ಕದಲಲಿಲ್ಲ. ವಾದವನ್ನೂ ಮಾಡಲಿಲ್ಲ. ಕೈ ಚಾಚಿಕೊಂಡು ಸುಮ್ಮನೆ ನಿಂತ. ಹಾಡು ಮುಗಿಯಿತು, ಜನ ಒಬ್ಬೊಬ್ಬರಾಗಿ ಪೆಟ್ಟಿಗೆಯ ಹತ್ತಿರ ಹೋಗಿ ಬಂದರು. ಅವನು ಕೈ ಇಳಿಸಲಿಲ್ಲ. ಕೊನೆಗೆ ಪಾದ್ರಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಪ್ಪ ಬಗ್ಗಿ ಕತ್ತಿಯನ್ನು ದೊರಸಾನಮ್ಮನ ಬಲಗಡೆ ಮಲಗಿಸಿ, ಗೊಂಡೆಯ ದಾರ ಸಿಕ್ಕಾಗದಂತೆ ಬೆರಳಿನಿಂದ ಬಿಡಿಸಿ, ಅವರ ಬಿಳಿ ಬಟ್ಟೆಯ ಅಂಚನ್ನು ಅದರ ಮೇಲೆ ಎಳೆದ. ಮುಚ್ಚಳ ಹಾಕಿದರು. ಮೊಳೆ ಹೊಡೆಯುವ ಸದ್ದಿಗೆ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು.

ಮಣ್ಣು ಹಾಕಿ ನಡೆದುಕೊಂಡು ಬರುತ್ತಿದ್ದೆವು. ಅಪ್ಪ ಮುಂದೆ, ನಾವು ಹಿಂದೆ. ನಮ್ಮ ಸಾಲು ಕಾಣತೊಡಗಿದಾಗ ಅವನು ನಿಂತ.

"ನೀನು ಕೇಳದೆ ಇದ್ದಿದ್ರೆ ಇಟ್ಕೊಂಡ್ಬಿಡ್ತಿದ್ದೆ ಕಣೆ."

"ನಂಗೊತ್ತು. ಇಟ್ಕೊಂಡಿದ್ರೆ ನೀವು ಒಂದಿನಾನೂ ಅದನ್ನ ಒರೆಸ್ತಿರ್ಲಿಲ್ಲ."

ಆ ಮಾತು ನಿಜವೆಂದು ಅಪ್ಪನಿಗೂ ಗೊತ್ತಿತ್ತು ಅನಿಸುತ್ತದೆ. ತಿರುಗಿ ಮನೆಯ ಕಡೆ ನಡೆದ.

ಆದರೆ ಮಾತು ಉಳಿಸಿಕೊಂಡ ಮಾತ್ರಕ್ಕೆ ಮನಸ್ಸು ತುಂಬಿಕೊಳ್ಳುವುದಿಲ್ಲ. ಅಪ್ಪ ಉಳಿದ ಕತ್ತಿಗಳ ಕಡೆ ನೋಡುವುದನ್ನೇ ಬಿಟ್ಟ. ಭಾನುವಾರ ಊಟವಾದ ಮೇಲೆ ಹೊಸ್ತಿಲ ಮೇಲೆ ಕೂತು ಬೀದಿ ನೋಡುತ್ತಿದ್ದ. ಬಂಗಾರಪೇಟೆಯ ಗುಜರಿಯವನು, ನಿನಗೆ ಬೇಕಾದ್ದೇನೋ ಬಂದಿದೆ ಎಂದು ಹೇಳಿಕಳಿಸಿದರೂ ಹೋಗಲಿಲ್ಲ. ಬೇಸಿಗೆ ಬಂತು, ದಿಬ್ಬದ ಧೂಳು ಬಂದು ಸಿಂಹಗಳ ಕಣ್ಣಿನಲ್ಲೂ ಕೂತಿತು. ಅಜ್ಜಿಯೇ ತಡೆಯಲಾರದೆ, ನಾನೇ ಬೆಳಗಿ ಕೊಡಲೇನ್ಲಾ ಎಂದು ಕೇಳಿದಳು. ಬೆಳಗವ್ವ, ಎಂದ ಅಪ್ಪ. ಅದನ್ನು ಕೇಳಿ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ಅವನ ಮುಖವನ್ನೇ ನೋಡುತ್ತ ನಿಂತದ್ದು ನನಗೆ ನೆನಪಿದೆ.

ಆಮೇಲೆ ಅಮ್ಮ ತನ್ನ ತವರು ಕ್ಯಾಸಂಬಳ್ಳಿ ಕಡೆಗೆ ಮದುವೆಗೆಂದು ಒಬ್ಬಳೇ ಹೋಗಿದ್ದಳು. ಬರುವ ದಿನ ನಾನೂ ಅಪ್ಪನೂ ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸಿನಿಂದ ಜನ ಇಳಿದರು, ತರಕಾರಿ ಮೂಟೆಗಳು ಇಳಿದವು, ಹಾಲಿನ ಕ್ಯಾನುಗಳು ಇಳಿದವು. ಎಲ್ಲರೂ ಇಳಿದ ಮೇಲೆ ಅಮ್ಮ ಅಡ್ಡವಾಗಿ ನಡೆಯುತ್ತ, ಗೋಣಿಚೀಲ ಸುತ್ತಿದ ಉದ್ದನೆಯದೊಂದನ್ನು ಎದೆಗವಚಿಕೊಂಡು ಇಳಿದಳು. ಕಂಡಕ್ಟರು ದಾರಿಯುದ್ದಕ್ಕೂ ಅದೇನೆಂದು ಕೇಳಿದನಂತೆ, ಇವಳು ನೇಗಿಲ ಗುಳ ಎಂದಳಂತೆ. ಮನೆಗೆ ಬರುವ ತನಕ ಅದನ್ನು ಅಪ್ಪನ ಕೈಗೂ ಕೊಡಲಿಲ್ಲ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಲು ನನಗೆ ಹೇಳಿ, ಗೋಣಿ ಬಿಚ್ಚಿ ಕೆಳಗಿಟ್ಟಳು. ತುಕ್ಕಿನ ಹುಡಿ ಉದುರಿತು. ಅಲಗು ಅರ್ಧಕ್ಕೇ ಮುರಿದಿತ್ತು. ಒರೆಯಿಲ್ಲ, ಹಿಡಿಯ ಚರ್ಮವಿಲ್ಲ, ಲಂಗರು ಸವೆದು ಬರೀ ಗೆರೆಯಾಗಿತ್ತು. ನೆಂಟರ ದನದ ಕೊಟ್ಟಿಗೆಯಲ್ಲಿ ಅಗಣಿಯ ಬದಲು ಬಾಗಿಲಿಗೆ ಸಿಕ್ಕಿಸಿದ್ದರಂತೆ. ಹಿಡಿಯ ತುದಿಯನ್ನು ಬೆರಳಿನಿಂದ ಉಜ್ಜಿ ನೋಡಿ ಗುರುತು ಹಿಡಿದೆ ಎಂದಳು.

"ಸಿಂಹದ ಮೊಕ ಐತೆ. ನೋಡ್ಕೊಂಡೇ ತಂದಿದ್ದೀನಿ. ಬರೀ ಕಬ್ಬಿಣ ಅಂತ ತಿಳ್ಕೊಬ್ಯಾಡಿ."

"ಸುಮ್ನೆ ಕೊಟ್ಟುಬಿಟ್ರಾ?"

"ಸುಮ್ನೆ ಯಾರು ಕೊಡ್ತಾರೆ? ನಮ್ಮಣ್ಣ ಮಡಿಲು ತುಂಬಿ ಕೊಟ್ಟಿದ್ನಲ್ಲ ಸ್ಟೀಲ್ ಡಬ್ಬಿ, ಅದನ್ನ ಕೊಟ್ಟೆ."

ಅಜ್ಜಿ ಮೂಲೆಯಿಂದ ಎದ್ದು ಬಂದು ಕತ್ತಿಯನ್ನು ಬಗ್ಗಿ ನೋಡಿದಳು. ಅಪ್ಪ ಆ ಮುರುಕು ಕತ್ತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಮ್ಮನನ್ನು ನೋಡಿದ. ಅವಳ ಹೊಸ ಸೀರೆಯ ಮುಂಭಾಗಕ್ಕೆಲ್ಲ ತುಕ್ಕಿನ ಕೆಂಪು ಹತ್ತಿಕೊಂಡಿತ್ತು. ಬಸ್ಸಿನ ಕುಲುಕಾಟದಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಎರಡೂ ಅಂಗೈ ಕೆಂಪಾಗಿದ್ದವು. ಅವನು ಎದ್ದು ಗೂಡಿನಿಂದ ಎಣ್ಣೆ ಡಬ್ಬಿ, ಬಟ್ಟೆ ತೆಗೆದ. ಎಷ್ಟೋ ತಿಂಗಳ ಮೇಲೆ ಅವನ್ನು ಮುಟ್ಟಿದ್ದ. ಕತ್ತಿ ಒರೆಸಲು ಎಂದುಕೊಂಡು ನಾನು ಅದನ್ನು ಅವನ ಕಡೆ ಸರಿಸಿದೆ. ಅಪ್ಪ ಬಟ್ಟೆಯ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟುಕೊಂಡು, ಅಮ್ಮನ ಎದುರು ಕೂತು, ಅವಳ ಬಲಗೈ ಹಿಡಿದು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. ಅಂಗೈಯ ಗೆರೆಗಳಲ್ಲಿ ಕೂತಿದ್ದ ತುಕ್ಕನ್ನು ನಿಧಾನವಾಗಿ ಒರೆಸತೊಡಗಿದ. ಅಮ್ಮ ನಾಚಿಕೊಂಡು, ಅತ್ತೆಯ ಕಡೆ ಒಮ್ಮೆ ನೋಡಿ, ಕೈ ಎಳೆದುಕೊಳ್ಳಲು ಹೊರಟವಳು ಎಳೆದುಕೊಳ್ಳಲಿಲ್ಲ. ಅದಾದ ಮೇಲೆ ಇನ್ನೊಂದು ಕೈಯನ್ನೂ ಅವಳಾಗಿಯೇ ಕೊಟ್ಟಳು.